ಇಮೇಲ್ ಜಾಹೀರಾತು ಬೆಳೆದು ಬಂದ ಬಗೆ, ಮತ್ತು ನಮ್ಮೂರಿನ ಸಣ್ಣ ವ್ಯಾಪಾರಿಗೆ ಅದರಲ್ಲಿ ಉಳಿದಿರುವುದು

ಬೀಟೆಕೆತ್ತನೆ_ಮಂಡಿಮೊಹಲ್ಲಾ (ಚರ್ಚೆಯ ಆರಂಭ)

ಮಾನ್ಯರೇ, ನಮ್ಮದು ಬೀಟೆ ಮರದಲ್ಲಿ ಇನ್‌ಲೇ ಚಿತ್ರಗಳನ್ನು ಕೂರಿಸುವ ಕಸುಬು. ಅಂಗಡಿಗೆ ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಅರಮನೆ ನೋಡಲು ಬಂದ ಹೊರ ಊರಿನವರು ಮತ್ತು ವಿದೇಶಿಯರು. ಅವರು ಮತ್ತೆ ಮೈಸೂರಿಗೆ ಬರುವುದು ಯಾವ ವರ್ಷವೋ ಹೇಳಲಾಗದು. ಅಂಥವರು ಹೆಸರು, ವಿಳಾಸ ಬರೆದು ಹೋಗಲೆಂದು ಗಲ್ಲಾದ ಪಕ್ಕ ಒಂದು ಪುಸ್ತಕ ಇಡುವ ಪದ್ಧತಿ ತಂದೆಯವರ ಕಾಲದಿಂದಲೂ ಇದೆ. ಸುಮಾರು 2000ದ ಈಚೆಗೆ ಅಂಚೆ ವಿಳಾಸದ ಜಾಗದಲ್ಲಿ ಜನರು ತಾವಾಗಿಯೇ ಇಮೇಲ್ ಬರೆಯತೊಡಗಿದರು. ಆ ವಿಳಾಸಗಳಿಗೆ ನಾವು ಈವರೆಗೆ ಏನನ್ನೂ ಕಳುಹಿಸಿಲ್ಲ.

ಈಚೆಗೆ ಒಂದು ಜಾಹೀರಾತು ಏಜೆನ್ಸಿಯವರು ಅಂಗಡಿಗೆ ಬಂದು, ಕರಕುಶಲ ವಸ್ತುಗಳಲ್ಲಿ ಆಸಕ್ತಿ ಇರುವ ಒಂದು ಲಕ್ಷ ಜನರ ಇಮೇಲ್ ಪಟ್ಟಿ ತಮ್ಮಲ್ಲಿ ಇದೆಯೆಂದೂ, ನಮ್ಮ ಪುಸ್ತಕದ ವಿಳಾಸಗಳನ್ನೂ ಅದಕ್ಕೆ ಸೇರಿಸಿ ದಸರೆಗೆ ಮೊದಲು ಒಮ್ಮೆಗೇ ಎಲ್ಲರಿಗೂ ಜಾಹೀರಾತು ಕಳುಹಿಸಿಕೊಡುವುದಾಗಿಯೂ ಹೇಳಿದ್ದಾರೆ. ಕೇಳಿದ ಹಣವೂ ಹೆಚ್ಚೇನಲ್ಲ. ಮಗನನ್ನು ಕೇಳಿದರೆ ಇಮೇಲಿನ ಕಾಲ ಮುಗಿಯಿತು, ಇನ್‌ಸ್ಟಾಗ್ರಾಮ್ ಸಾಕು ಎನ್ನುತ್ತಾನೆ. ಜಾಹೀರಾತಿನ ಮಾಧ್ಯಮವಾಗಿ ಇಮೇಲ್ ಹೇಗೆ ಬೆಳೆಯಿತು, ಈಗ ಎಲ್ಲಿ ನಿಂತಿದೆ ಎಂಬುದನ್ನು ಬಲ್ಲವರು ತಿಳಿಸಿಕೊಟ್ಟರೆ ನಿರ್ಧಾರ ಮಾಡಲು ನನಗೆ ಅನುಕೂಲವಾಗುತ್ತದೆ.

ಸರ್ವರ್_ಹೆಬ್ಬಾಳ

ಯಜಮಾನರೇ, ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಲಕ್ಷ ವಿಳಾಸಗಳ ಪಟ್ಟಿಯನ್ನು ಕೊಳ್ಳಬೇಡಿ. ಏಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಇಮೇಲ್ ಸರ್ವರುಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗವಾದ್ದರಿಂದ ಮಾತು ಉದ್ದವಾದರೆ ಮನ್ನಿಸಬೇಕು.

ಯಂತ್ರದಿಂದ ಯಂತ್ರಕ್ಕೆ ಜಾಲದ ಮೂಲಕ ಮೊದಲ ಇಮೇಲನ್ನು ರೇ ಟಾಮ್ಲಿನ್‌ಸನ್ ಕಳುಹಿಸಿದ್ದು 1971ರಲ್ಲಿ. ಅದಾದ ಏಳೇ ವರ್ಷಕ್ಕೆ ಜಾಹೀರಾತು ಬಂದಿತು. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥ್ಯುರ್ಕ್ ಎಂಬುವರು, ಕ್ಯಾಲಿಫೋರ್ನಿಯಾದಲ್ಲಿ ನಡೆಯಲಿದ್ದ ತಮ್ಮ ಹೊಸ ಯಂತ್ರಗಳ ಪ್ರಾತ್ಯಕ್ಷಿಕೆಗೆ ಬನ್ನಿ ಎಂದು ಆರ್ಪಾನೆಟ್ ಜಾಲದ ಸುಮಾರು 400 ಬಳಕೆದಾರರಿಗೆ ಒಂದೇ ಸಂದೇಶವನ್ನು ಕಳುಹಿಸಿದರು. ವಿಳಾಸಗಳನ್ನು ಜಾಲದ ಮುದ್ರಿತ ಕೈಪಿಡಿಯಿಂದ ಆರಿಸಿ ಟೈಪ್ ಮಾಡಿಸಲಾಗಿತ್ತು. ಅಂದಿನ ತಂತ್ರಾಂಶಕ್ಕೆ ಅಷ್ಟು ವಿಳಾಸಗಳನ್ನು ಹಿಡಿದಿಡುವ ಶಕ್ತಿ ಇಲ್ಲದೆ, ಮಿಕ್ಕ ವಿಳಾಸಗಳು ತುಂಬಿ ಹರಿದು ಸಂದೇಶದ ಒಡಲೊಳಗೇ ಬಂದು ಕುಳಿತವು. ಆರ್ಪಾನೆಟ್ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ, ಸರ್ಕಾರಿ ಕೆಲಸಕ್ಕೆ ಮಾತ್ರ ಮೀಸಲಾದ ಜಾಲ. ಅದರ ಆಡಳಿತಗಾರರು ಕಂಪನಿಗೆ ಕಟುವಾಗಿಯೇ ಎಚ್ಚರಿಕೆ ಕೊಟ್ಟರು. ಆದರೆ ಆ ಒಂದು ಸಂದೇಶದಿಂದ ಒಂದು ಕೋಟಿ ಡಾಲರಿಗೂ ಮೀರಿದ ವ್ಯಾಪಾರವಾಯಿತೆಂದು ಥ್ಯುರ್ಕ್ ಮುಂದೆ ಹೇಳಿಕೊಂಡರು. ಓದುಗರ ಸಿಟ್ಟು ಮತ್ತು ಕಳುಹಿಸಿದವನ ಲಾಭ ಎರಡೂ ಮೊದಲ ದಿನವೇ ಒಟ್ಟಿಗೆ ಕಾಣಿಸಿಕೊಂಡವು ಎಂಬುದು ನನಗೆ ಇದರಲ್ಲಿ ಮುಖ್ಯವಾದ ಸಂಗತಿ.

1982ರಲ್ಲಿ ಜಾನ್ ಪೋಸ್ಟೆಲ್ ಅವರು ಎಸ್‌.ಎಂ.ಟಿ.ಪಿ. ಎಂಬ ರವಾನೆಯ ನಿಯಮಾವಳಿಯನ್ನು ಬರೆದರು. ಇಂದಿಗೂ ಜಗತ್ತಿನ ಇಮೇಲ್ ಓಡಾಡುವುದು ಅದರ ತಳಹದಿಯ ಮೇಲೆಯೇ. ಒಬ್ಬರನ್ನೊಬ್ಬರು ಬಲ್ಲ ಸಂಶೋಧಕರ ಕಾಲದಲ್ಲಿ ಹುಟ್ಟಿದ ಆ ನಿಯಮಗಳಲ್ಲಿ, ಕಳುಹಿಸುವವನು ನಾನು ಇಂಥವನು ಎಂದು ಹೇಳಿಕೊಂಡರೆ ಸ್ವೀಕರಿಸುವ ಸರ್ವರ್ ಅದನ್ನು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಹೀಗೆ ಎರಡು ಗುಣಗಳು ಕೂಡಿಕೊಂಡವು: ಯಾರ ಹೆಸರಿನಲ್ಲಿ ಬೇಕಾದರೂ ಕಳುಹಿಸಬಹುದು, ಮತ್ತು ಹತ್ತು ಜನಕ್ಕೆ ಕಳುಹಿಸಿದರೂ ಹತ್ತು ಲಕ್ಷ ಜನಕ್ಕೆ ಕಳುಹಿಸಿದರೂ ಖರ್ಚಿನಲ್ಲಿ ಹೆಚ್ಚು ಅಂತರವಿಲ್ಲ.

ಬೆಳಗಿನ ಪತ್ರಿಕೆಯ ನಡುವೆ ಸೇರಿಸಿ ಹಂಚುವ ಕರಪತ್ರವನ್ನು ನೆನೆದರೆ ಇದು ತಿಳಿಯುತ್ತದೆ. ಅಲ್ಲಿ ಕಾಗದ, ಅಚ್ಚು, ಪತ್ರಿಕೆ ಹಾಕುವ ಹುಡುಗರ ಕೂಲಿ, ಎಲ್ಲವೂ ಜಾಹೀರಾತುದಾರನ ಜೇಬಿನಿಂದಲೇ ಹೋಗುವುದರಿಂದ, ಕುವೆಂಪುನಗರದಲ್ಲಿ ಹಂಚಬೇಕೋ ಉದಯಗಿರಿಯಲ್ಲಿ ಹಂಚಬೇಕೋ ಎಂದು ಅವನು ಯೋಚಿಸಲೇಬೇಕು. ಇಮೇಲಿನಲ್ಲಿ ಆ ಯೋಚನೆಗೆ ಕಾರಣವೇ ಇಲ್ಲವಾಯಿತು. ಖರ್ಚು ಓದುಗನ ಕಡೆಗೆ ಜಾರಿತು. ನಮ್ಮ ದೇಶದಲ್ಲಿ ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿಯಾದ ವಿ.ಎಸ್‌.ಎನ್‌.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಆ ಬಳಿಕದ ಕೆಲವು ವರ್ಷ ನಮ್ಮಲ್ಲಿ ಬಹಳ ಮಂದಿ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಅಂಚೆ ತೆರೆದವರು. ಬೇಡದ ಜಾಹೀರಾತುಗಳನ್ನು ಅಳಿಸುವುದಕ್ಕೂ ನಮ್ಮದೇ ದುಡ್ಡು ಹೋಗುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಈ ಮಾಧ್ಯಮದಲ್ಲಿ ನಡೆದಿರುವ ಹೋರಾಟವೆಲ್ಲ ಆ ಖರ್ಚನ್ನು ಕಳುಹಿಸುವವನ ಮೇಲೆ ಮರಳಿ ಹೊರಿಸುವ ಪ್ರಯತ್ನ ಎಂದು ನನ್ನ ತಿಳಿವಳಿಕೆ. ಏಜೆನ್ಸಿಯವರು ತಮಗೆ ಮಾರಲು ಬಂದಿರುವುದು ಸುಮಾರು 1998ರ ಇಮೇಲ್ ಜಾಹೀರಾತನ್ನು.

ಬೆಲ್ಲದಮನೆ_ಮಂಡ್ಯ

ಚರಿತ್ರೆ ಚೆನ್ನಾಗಿದೆ ಸರ್, ಆದರೆ ಯಜಮಾನರ ಮಗ ಹೇಳುತ್ತಿರುವುದರಲ್ಲಿಯೂ ಸತ್ಯವಿದೆ. ನಾವು ಆಲೆಮನೆಯಿಂದ ನೇರವಾಗಿ ರಾಸಾಯನಿಕ ಹಾಕದ ಬೆಲ್ಲವನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಕೊಡುತ್ತೇವೆ. ನಮ್ಮ ಗಿರಾಕಿಗಳಲ್ಲಿ ಇಮೇಲ್ ವಿಳಾಸ ಇಲ್ಲದವರು ಯಾರೂ ಇರಲಾರರು, ಆದರೆ ಬೆಲ್ಲಕ್ಕಾಗಿ ಅದನ್ನು ತೆರೆದು ನೋಡುವವರೂ ಯಾರೂ ಇಲ್ಲ. ಅವರಿಗೆ ಇಮೇಲ್ ಎಂದರೆ ಕಚೇರಿ, ಬ್ಯಾಂಕು ಮತ್ತು ಒ.ಟಿ.ಪಿ. ಹೊಸ ಬೆಲ್ಲ ಇಳಿದಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಹಾಕಿದರೆ ಸಂಜೆಯೊಳಗೆ ಆರ್ಡರ್ ಬರುತ್ತದೆ. ಸತ್ತ ಮಾಧ್ಯಮಕ್ಕೆ ಏಕೆ ಇಷ್ಟೊಂದು ಉಪಚಾರ?

ಯೋಗಶಾಲೆ_ಕಚೇರಿ_ಗೋಕುಲಂ

ಬೆಲ್ಲದಮನೆಯವರ ಅನುಭವ ಅವರ ಗಿರಾಕಿಗಳಿಗೆ ಸರಿಯಿರಬಹುದು. ನಮ್ಮದು ನೇರ ವಿರುದ್ಧವಾಗಿದೆ. ನಾನು ಗೋಕುಲಂನ ಒಂದು ಯೋಗಶಾಲೆಯಲ್ಲಿ ಪ್ರವೇಶದ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ನಮ್ಮ ವಿದ್ಯಾರ್ಥಿಗಳು ಜರ್ಮನಿ, ಬ್ರೆಜಿಲ್, ಜಪಾನ್ ಮೊದಲಾದ ಕಡೆಗಳಿಂದ ಬರುವವರು. ಒಂದೊಂದು ದೇಶದಲ್ಲಿ ಒಂದೊಂದು ಆ್ಯಪ್ ನಡೆಯುತ್ತದೆ; ಜಪಾನಿನವರು ಲೈನ್ ಬಳಸುತ್ತಾರೆ, ಕೊರಿಯಾದವರು ಕಕಾವೊ ಟಾಕ್ ಬಳಸುತ್ತಾರೆ. ಎಲ್ಲರಲ್ಲಿಯೂ ಸಮಾನವಾಗಿ ಇರುವುದು ಇಮೇಲ್ ವಿಳಾಸ ಒಂದೇ. ಪ್ರವೇಶ ಯಾವ ದಿನ ತೆರೆಯುತ್ತದೆ ಎಂಬ ಒಂದು ಪುಟದ ಪತ್ರವನ್ನು ಕಳುಹಿಸಿದರೆ ಸಾಕು, ಸ್ಥಳಗಳು ತುಂಬುತ್ತವೆ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ರಿಯಾಯಿತಿಯ ಮಾತಿಲ್ಲ. ಆ ದಿನಾಂಕ ತಿಳಿಯಬೇಕೆಂದೇ ಅವರು ಹೆಸರು ಬರೆಸಿರುತ್ತಾರೆ.

2018ರ ಮೇ 25ರಿಂದ ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮ ಜಾರಿಗೆ ಬಂದಾಗ ನಮಗೂ ಅದು ಅನ್ವಯಿಸುತ್ತದೆಂದು ತಿಳಿಯಿತು. ಸಂಸ್ಥೆ ಯುರೋಪಿನಲ್ಲಿ ಇಲ್ಲದಿದ್ದರೂ, ಅಲ್ಲಿರುವ ಜನರಿಗೆ ಸೇವೆ ಒದಗಿಸುತ್ತಿದ್ದರೆ ಅದು ತಲುಪುತ್ತದೆ. ಆಗ ಹಳೆಯ ಪಟ್ಟಿಯ ಎಲ್ಲರಿಗೂ ಒಂದೇ ಒಂದು ಪತ್ರ ಬರೆದು, ಮುಂದೆಯೂ ಪತ್ರ ಬೇಕಿದ್ದರೆ ಈ ಕೊಂಡಿಯನ್ನು ಒತ್ತಿ, ಒತ್ತದಿದ್ದರೆ ತಮ್ಮ ಹೆಸರನ್ನು ತೆಗೆದುಹಾಕುತ್ತೇವೆ ಎಂದು ತಿಳಿಸಿದೆವು. ಪಟ್ಟಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆಡಳಿತದವರು ಗಾಬರಿಯಾದರು. ಆದರೆ ಆ ವರ್ಷದ ಪ್ರವೇಶದಲ್ಲಿ ಏನೂ ಕಡಿಮೆಯಾಗಲಿಲ್ಲ, ಏಕೆಂದರೆ ಹೋದವರು ಹೇಗೂ ಬರುವವರಾಗಿರಲಿಲ್ಲ.

ವಕೀಲರು_ಚಾಮರಾಜಪುರಂ

ಮೇಡಂ ಅವರು ಯುರೋಪಿನ ಕಾನೂನನ್ನು ಪ್ರಸ್ತಾಪಿಸಿದ್ದರಿಂದ, ಯಜಮಾನರಿಗೆ ಉಪಯೋಗವಾಗುವಷ್ಟನ್ನು ಮಾತ್ರ ಹೇಳುತ್ತೇನೆ.

ಅಮೆರಿಕದಲ್ಲಿ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಇದೆ. ಸ್ಪ್ಯಾಮ್ ಎಂದರೆ ಕೇಳದಿದ್ದರೂ ರಾಶಿಯಾಗಿ ಬರುವ ಜಾಹೀರಾತು ಪತ್ರ. ಆ ಕಾಯ್ದೆ ಮೊದಲು ಒಪ್ಪಿಗೆ ಪಡೆಯಬೇಕೆಂದು ಕೇಳುವುದಿಲ್ಲ. ಕಳುಹಿಸುವವರ ಹೆಸರು ಮತ್ತು ಸಬ್‌ಜೆಕ್ಟ್ ಸಾಲು ನಿಜವಾಗಿರಬೇಕು, ಅಂಚೆ ವಿಳಾಸ ಇರಬೇಕು, ಬೇಡ ಎಂದವರನ್ನು 10 ಕೆಲಸದ ದಿನಗಳೊಳಗೆ ಬಿಡಬೇಕು ಎನ್ನುತ್ತದೆ. ಯುರೋಪಿನಲ್ಲಿ ಇದು ತಿರುವುಮುರುವು, ಅಲ್ಲಿ ಮೊದಲು ಒಪ್ಪಿಗೆ ಬೇಕು. ಆದರೆ ತನ್ನಿಂದ ಸರಕು ಕೊಂಡ ಗಿರಾಕಿಗೆ ಅದೇ ಬಗೆಯ ಸರಕಿನ ವಿಷಯ ತಿಳಿಸಲು 2002ರ ನಿರ್ದೇಶನವೊಂದು ವ್ಯಾಪಾರಿಗೆ ಸ್ವಲ್ಪ ಸಡಿಲು ಕೊಟ್ಟಿದೆ. ಕೆನಡಾದ ಕಾಯ್ದೆ 2014ರ ಜುಲೈ 1ರಂದು ಜಾರಿಗೆ ಬಂದಿತು. ಅಲ್ಲಿ ವ್ಯಾಪಾರ ನಡೆದು ಎರಡು ವರ್ಷದವರೆಗೆ ಗಿರಾಕಿಯ ಒಪ್ಪಿಗೆ ಇದೆಯೆಂದು ಭಾವಿಸಬಹುದು, ಆಮೇಲೆ ಹೊಸದಾಗಿ ಕೇಳಬೇಕು. ವಿದೇಶಿ ಗಿರಾಕಿಗಳಿರುವ ಅಂಗಡಿಗೆ ಈ ಎರಡು ವರ್ಷದ ಅಳತೆ ಒಳ್ಳೆಯ ಮಾರ್ಗದರ್ಶಿ ಎಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ಪರಿಸ್ಥಿತಿ ವಿಚಿತ್ರವಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯೂ ಜಾಹೀರಾತು ಕರೆ ಬೇಡವೆಂದು 1909 ಎಂಬ ಸಂಖ್ಯೆಗೆ ತಿಳಿಸಿ ಮಾಡಿಸುವ ಡಿ.ಎನ್‌.ಡಿ. ನೋಂದಣಿಯೂ ದೂರವಾಣಿ ಕರೆ ಮತ್ತು ಎಸ್‌.ಎಂ.ಎಸ್.ಗೆ ಸಂಬಂಧಿಸಿದವು, ಇಮೇಲ್ ಅದರ ವ್ಯಾಪ್ತಿಯಲ್ಲಿ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ಸೇರಿಸಿದ 66ಎ ಕಲಮಿನ ಕೊನೆಯ ಭಾಗ, ಕಿರಿಕಿರಿ ಉಂಟುಮಾಡಲು ಅಥವಾ ಮೂಲವನ್ನು ಮರೆಮಾಚಿ ಮೋಸಗೊಳಿಸಲು ಕಳುಹಿಸುವ ಇಮೇಲನ್ನು ಅಪರಾಧವೆಂದು ಹೇಳಿತ್ತು. ಆ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು, ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವಾದುದೆಂದು ಪೂರ್ತಿಯಾಗಿ ರದ್ದುಪಡಿಸಿತು. ತೀರ್ಪು ಸರಿಯಾದದ್ದೇ, ಆ ಕಲಮಿನ ದುರುಪಯೋಗವನ್ನು ಕಂಡವರಾರೂ ಅದಕ್ಕಾಗಿ ಮರುಗಲಾರರು. ಆದರೆ ಬೇಡದ ಜಾಹೀರಾತಿನ ವಿರುದ್ಧ ಇದ್ದ ಒಂದು ಸಾಲೂ ಅದರೊಂದಿಗೆ ಹೋಯಿತು.

ಈಗ ಬಂದಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳು ಹಂತಹಂತವಾಗಿ ಜಾರಿಯಾಗುತ್ತವೆ. ಯಜಮಾನರು ಗಮನಿಸಬೇಕಾದದ್ದು ಇದು: ಕಾಗದದ ಮೇಲಿರುವ ವಿಳಾಸಕ್ಕೆ ಕಾಯ್ದೆ ತಗಲುವುದಿಲ್ಲ, ಆದರೆ ಆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ ಕೂಡಲೇ ತಗಲುತ್ತದೆ. ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೆ ಮಾತ್ರ ಬಳಸಬೇಕು, ಮತ್ತು ಒಪ್ಪಿಗೆಯನ್ನು ಹಿಂತೆಗೆಯುವುದು ಕೊಡುವಷ್ಟೇ ಸುಲಭವಾಗಿರಬೇಕು. ಆ ಪುಸ್ತಕವನ್ನು ಏಜೆನ್ಸಿಯ ಕೈಗೆ ಕೊಡುವುದಂತೂ ಸರ್ವಥಾ ಕೂಡದು.

ಬೀಟೆಕೆತ್ತನೆ_ಮಂಡಿಮೊಹಲ್ಲಾ

ಎಲ್ಲರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ. ಏಜೆನ್ಸಿಯವರು ಬೇರೊಂದು ಅಂಗಡಿಗೆ ಮಾಡಿಕೊಟ್ಟ ಕೆಲಸದ ವರದಿಯನ್ನು ತೋರಿಸಿದರು. ಅದರಲ್ಲಿ ಕಳುಹಿಸಿದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಜನರು ತೆರೆದು ನೋಡಿದ್ದಾರೆಂದು ಇತ್ತು. ಯಾರೂ ಓದುವುದಿಲ್ಲ ಎಂದಾದರೆ ಆ ಅಂಕಿ ಎಲ್ಲಿಂದ ಬಂದಿತು? ಅಲ್ಲದೆ, ಲಕ್ಷದಲ್ಲಿ ನೂರು ಜನ ಕೊಂಡರೂ ನಮ್ಮಂಥವರಿಗೆ ಅದು ದೊಡ್ಡ ವ್ಯಾಪಾರವೇ ಅಲ್ಲವೇ?

ಸರ್ವರ್_ಹೆಬ್ಬಾಳ

ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದನ್ನು ಅಳೆದು ನೋಡಿದವರಿದ್ದಾರೆ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಮತ್ತು ಸ್ಯಾನ್ ಡಿಯಾಗೊ ಕೇಂದ್ರಗಳ ಸಂಶೋಧಕರು ಸ್ಪ್ಯಾಮ್ ಕಳುಹಿಸುವ ಒಂದು ಜಾಲದ ಒಳಹೊಕ್ಕು, ಔಷಧಿ ಮಾರುವ ಜಾಹೀರಾತಿನ ಫಲವನ್ನು ಲೆಕ್ಕ ಹಾಕಿದರು. ಸುಮಾರು 35 ಕೋಟಿ ಸಂದೇಶಗಳು ಹೊರಟವು. ಕೊಳ್ಳುವ ಹಂತದವರೆಗೆ ಬಂದವರು 28 ಮಂದಿ. ಕಳುಹಿಸುವುದಕ್ಕೆ ಬೇರೆಯವರ ಕಂಪ್ಯೂಟರುಗಳನ್ನು ಕದ್ದು ಬಳಸುತ್ತಿದ್ದವರಿಗೆ ಮಾತ್ರ ಇಂಥ ವ್ಯಾಪಾರ ಗಿಟ್ಟೀತು. ತಮ್ಮ ಲಕ್ಷದ ಪಟ್ಟಿಗೆ ಈ ಪ್ರಮಾಣವನ್ನು ಹಾಗೆಯೇ ಹಾಕಿ ನೋಡಿದರೆ ಒಬ್ಬ ಗಿರಾಕಿಯೂ ದೊರೆಯುವುದಿಲ್ಲ. ತಮ್ಮದು ಔಷಧಿಯಲ್ಲ, ಸಾಚಾ ಸರಕು ಎಂಬುದು ನಿಜ, ಆದರೆ ಅದನ್ನು ಪತ್ರ ಬರುವ ಮೊದಲು ಓದುಗ ಹೇಗೆ ತಿಳಿಯಬೇಕು?

ಇನ್ನು ತೆರೆದವರ ಅಂಕಿ. ಇದಕ್ಕಾಗಿ ಪತ್ರದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದ, ಒಂದು ಚುಕ್ಕೆಯಷ್ಟರ ಚಿತ್ರವನ್ನು ಇಟ್ಟಿರುತ್ತಾರೆ. ಪತ್ರ ತೆರೆದಾಗ ಆ ಚಿತ್ರ ಕಳುಹಿಸಿದವರ ಸರ್ವರಿನಿಂದ ಬರಬೇಕು. ಅದು ಬಂದಾಗ ಒಂದು ಎಣಿಕೆ ಬೀಳುತ್ತದೆ. ಬಹಳ ವರ್ಷ ಈ ಉದ್ಯಮವೆಲ್ಲ ನಡೆದದ್ದು ಆ ಚುಕ್ಕೆಯ ಮೇಲೆ. 2013ರ ಡಿಸೆಂಬರಿನಲ್ಲಿ ಜಿಮೇಲ್ ಚಿತ್ರಗಳನ್ನೆಲ್ಲ ತನ್ನ ಸರ್ವರುಗಳ ಮೂಲಕವೇ ತರಿಸಿ ತೋರಿಸತೊಡಗಿದ್ದರಿಂದ ಓದುಗ ಎಲ್ಲಿದ್ದಾನೆಂಬ ಸುಳಿವು ಸಿಗದಾಯಿತು. 2021ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಇನ್ನೂ ಮುಂದೆ ಹೋಯಿತು: ಅದರ ಮೇಲ್ ಆ್ಯಪ್‌ನಲ್ಲಿ ಈ ರಕ್ಷಣೆಯನ್ನು ಒಪ್ಪಿದವರ ಪತ್ರಗಳ ಚಿತ್ರಗಳನ್ನು, ಅವರು ಪತ್ರ ತೆರೆಯಲಿ ಬಿಡಲಿ, ಯಂತ್ರವೇ ಮೊದಲೇ ಇಳಿಸಿಟ್ಟುಕೊಳ್ಳುತ್ತದೆ. ಓದದ ಪತ್ರವೂ ಓದಿದ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಆ ವರದಿಯ ಅರ್ಧಕ್ಕಿಂತ ಹೆಚ್ಚಿನ ಪಾಲು ಮನುಷ್ಯರದೋ ಯಂತ್ರಗಳದೋ ಎಂಬುದನ್ನು ವರದಿ ಕೊಟ್ಟವರೂ ಹೇಳಲಾರರು. ಕೇಳಬೇಕಾದದ್ದು ಎಷ್ಟು ಜನ ಮರುಪತ್ರ ಬರೆದರು, ಎಷ್ಟು ಜನ ಕೊಂಡರು ಎಂಬುದನ್ನು ಮಾತ್ರ.

ಸ್ಪ್ಯಾಮನ್ನು ಸೋಸಿ ಬೇರ್ಪಡಿಸುವ ಶೋಧಕಗಳ ಕಥೆಯನ್ನೂ ಸೇರಿಸುತ್ತೇನೆ. 1998ರಲ್ಲಿ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆ ಹುಟ್ಟಿ, ದುರುಪಯೋಗ ಮಾಡುವವರ ಸರ್ವರುಗಳ ಕಪ್ಪುಪಟ್ಟಿಯನ್ನು ಕಾಯತೊಡಗಿತು. 2002ರಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್, ಒಂದೊಂದು ಪದವೂ ಸ್ಪ್ಯಾಮಿನಲ್ಲಿ ಎಷ್ಟು, ಒಳ್ಳೆಯ ಪತ್ರದಲ್ಲಿ ಎಷ್ಟು ಬರುತ್ತದೆಂದು ಎಣಿಸಿ ಸಂಭವನೀಯತೆಯ ಲೆಕ್ಕದಿಂದ ಎರಡನ್ನೂ ಬೇರ್ಪಡಿಸುವ ವಿಧಾನವನ್ನು ಜನಪ್ರಿಯಗೊಳಿಸಿದರು. ಇನ್ನೆರಡು ವರ್ಷದಲ್ಲಿ ಸ್ಪ್ಯಾಮಿನ ಸಮಸ್ಯೆ ಬಗೆಹರಿದಿರುತ್ತದೆಂದು 2004ರಲ್ಲಿ ಬಿಲ್ ಗೇಟ್ಸ್ ನುಡಿದದ್ದನ್ನು ನಮ್ಮ ಕಚೇರಿಯಲ್ಲಿ ಈಗಲೂ ನಗುತ್ತ ನೆನೆಯುತ್ತಾರೆ. ಅದೇ 2004ರ ಏಪ್ರಿಲ್ 1ರಂದು ಜಿಮೇಲ್ ಬಂದಿತು. ಒಂದು ಜಿ.ಬಿ. ಜಾಗವನ್ನು ಪುಕ್ಕಟೆ ಕೊಟ್ಟು, ಪತ್ರದ ಒಳಗಿನ ಪದಗಳನ್ನು ಯಂತ್ರದಿಂದ ಓದಿಸಿ, ಅದಕ್ಕೆ ಹೊಂದುವ ಜಾಹೀರಾತನ್ನು ಪಕ್ಕದಲ್ಲಿ ತೋರಿಸುವುದು ಅದರ ವ್ಯವಹಾರ. ಆ ಓದುವಿಕೆಯನ್ನು ನಿಲ್ಲಿಸುವುದಾಗಿ ಗೂಗಲ್ ಹೇಳಿದ್ದು 2017ರಲ್ಲಿ. ಹೀಗೆ ಜಾಹೀರಾತು ಪತ್ರದ ರೂಪದಲ್ಲಿ ಬರುವುದಷ್ಟೇ ಅಲ್ಲದೆ ಪತ್ರದ ಪಕ್ಕಕ್ಕೂ ಬಂದಿತು. ಹಾಟ್‌ಮೇಲ್ 1996ರಲ್ಲಿಯೇ ಇನ್ನೊಂದು ದಾರಿ ತೋರಿಸಿತ್ತು: ಬಳಕೆದಾರ ಬರೆದ ಪ್ರತಿ ಪತ್ರದ ಅಡಿಯಲ್ಲಿಯೂ ನೀವೂ ಉಚಿತ ಇಮೇಲ್ ಪಡೆಯಿರಿ ಎಂಬ ಸಾಲನ್ನು ಅಂಟಿಸಿ, ಒಂದೂವರೆ ವರ್ಷದಲ್ಲಿ ಮೈಕ್ರೋಸಾಫ್ಟ್ ಕೊಳ್ಳುವ ಮಟ್ಟಕ್ಕೆ ಬೆಳೆಯಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು.

ಕಾಮರ್ಸ್‌ಮೇಷ್ಟ್ರು_ಸರಸ್ವತಿಪುರಂ

ಚರ್ಚೆ ಇಂಗ್ಲಿಷಿನ ಇಮೇಲಿನ ಬಗ್ಗೆಯೇ ನಡೆಯುತ್ತಿದೆ. ಕನ್ನಡದ ವ್ಯಾಪಾರಿಗೆ ಈ ಮಾಧ್ಯಮ ಏಕೆ ತಡವಾಗಿ ಬಂದಿತೆಂಬುದನ್ನೂ ಯಾರಾದರೂ ಹೇಳಬೇಕು. ನಾನು ವಾಣಿಜ್ಯ ಪಾಠ ಮಾಡುತ್ತಿದ್ದ ಕಾಲದಲ್ಲಿ ಬರಹ, ನುಡಿ ತಂತ್ರಾಂಶಗಳಲ್ಲಿ ಕನ್ನಡ ಬರೆಯಬಹುದಾಗಿತ್ತು, ಆದರೆ ಅದು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಹೊದಿಸಿದ ಫಾಂಟು. ಅದೇ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಪತ್ರ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಆದ್ದರಿಂದ ನಮ್ಮ ಅಂಗಡಿಯವರು ಕನ್ನಡದ ಕರಪತ್ರವನ್ನು ಸ್ಕ್ಯಾನ್ ಮಾಡಿಸಿ ಚಿತ್ರವಾಗಿ ಕಳುಹಿಸುತ್ತಿದ್ದರು, ಮತ್ತು ಶೋಧಕಗಳಿಗೆ ಬರೀ ಚಿತ್ರವಿರುವ ಪತ್ರ ಎಂದರೆ ಅನುಮಾನ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಕನ್ನಡ ಎಲ್ಲ ಫೋನುಗಳಲ್ಲಿ ಸರಿಯಾಗಿ ಮೂಡುವ ಹೊತ್ತಿಗೆ ಜನರು ವಾಟ್ಸ್‌ಆ್ಯಪ್‌ಗೆ ಹೋಗಿಬಿಟ್ಟಿದ್ದರು. ಇಮೇಲ್ ಇಲ್ಲಿ ಸತ್ತಿತು ಎನ್ನುವುದಕ್ಕಿಂತ, ಕನ್ನಡದಲ್ಲಿ ಅದಕ್ಕೆ ಪ್ರಾಯವೇ ಬರಲಿಲ್ಲ ಎನ್ನುವುದು ಸರಿಯಾದ ಮಾತು.

ಇಂದಿಗೂ ಒಂದು ಸಣ್ಣ ತೊಡಕಿದೆ. ಯು.ಟಿ.ಎಫ್-8 ಎಂಬ ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಒತ್ತಕ್ಷರದಲ್ಲಿ ಆರು ಸಂಕೇತಗಳಿದ್ದು ಅದಕ್ಕೆ 18 ಬೈಟ್ ಹಿಡಿಯುತ್ತದೆ. ಜಿಮೇಲ್ ಸುಮಾರು 102 ಕೆ.ಬಿ. ದಾಟಿದ ಪತ್ರವನ್ನು ಅರ್ಧದಲ್ಲಿ ಕತ್ತರಿಸಿ ತೋರಿಸುತ್ತದೆ, ಆದ್ದರಿಂದ ಅಲಂಕಾರ ಹೆಚ್ಚಿದ ಕನ್ನಡ ಪತ್ರ ಆ ಮಿತಿಯನ್ನು ಬೇಗ ಮುಟ್ಟುತ್ತದೆ. ಕತ್ತರಿಗೆ ಸಿಕ್ಕುವುದು ಅಡಿಯಲ್ಲಿರುವ ಭಾಗ, ಅಂದರೆ ಪಟ್ಟಿಯಿಂದ ಹೊರಬರಲು ಇರುವ ಅನ್‌ಸಬ್‌ಸ್ಕ್ರೈಬ್ ಕೊಂಡಿ.

ಬೆಲ್ಲದಮನೆ_ಮಂಡ್ಯ

ಮೇಷ್ಟ್ರ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಮಂಡ್ಯದ ಬೆಲ್ಲಕ್ಕೆ ವಾಟ್ಸ್‌ಆ್ಯಪ್ ಸಾಕು ಎಂಬ ನನ್ನ ಮಾತನ್ನು ಬದಲಿಸಲು ಇಲ್ಲಿ ಯಾರೂ ಕಾರಣ ಕೊಟ್ಟಿಲ್ಲ.

ಸರ್ವರ್_ಹೆಬ್ಬಾಳ

ಬದಲಿಸುವ ಅಗತ್ಯವಿಲ್ಲ ಗೌಡರೇ, ಅದರ ಗಡಿ ತಿಳಿದಿದ್ದರೆ ಸಾಕು. ಸಾಮಾನ್ಯ ವಾಟ್ಸ್‌ಆ್ಯಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ, ಮತ್ತು ತಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕಿಂತ ಹೆಚ್ಚಿಗೆ ವ್ಯಾಪಾರಿಗಳ ದೊಡ್ಡ ವೇದಿಕೆಗೆ ಹೋದರೆ ಪ್ರತಿ ಜಾಹೀರಾತು ಸಂದೇಶಕ್ಕೂ ಶುಲ್ಕವಿದೆ, ಮಾದರಿಗೆ ಅನುಮೋದನೆ ಬೇಕು. ಗಮನಿಸಿದರೆ ಅಲ್ಲಿ ಖರ್ಚನ್ನು ಮೊದಲಿನಿಂದಲೇ ಕಳುಹಿಸುವವನ ಮೇಲೆ ಇಟ್ಟಿದ್ದಾರೆ. ಇಮೇಲಿನ ಪಾಡು ಕಂಡು ಕಲಿತ ಪಾಠ ಅದು. ಆದರೆ ಅದು ಒಂದು ಕಂಪನಿಯ ಸ್ವತ್ತು. ಇಮೇಲ್ ಯಾರೊಬ್ಬರದೂ ಅಲ್ಲ. ಜಿಮೇಲಿನಿಂದ ಹೊರಟದ್ದು ಝೋಹೊ ಬಳಸುವವರಿಗೂ ತಲುಪುತ್ತದೆ, ಸೇವೆ ಕೊಡುವವರನ್ನು ಬದಲಿಸಿದರೂ ಗಿರಾಕಿಗಳ ಪಟ್ಟಿ ನಮ್ಮಲ್ಲಿಯೇ ಉಳಿಯುತ್ತದೆ.

ಯಜಮಾನರಿಗೆ ಈಗಿನ ನಿಯಮಗಳು. 2013ರಲ್ಲಿ ಜಿಮೇಲ್ ಜಾಹೀರಾತು ಪತ್ರಗಳಿಗೆಂದೇ ಪ್ರೊಮೋಷನ್ಸ್ ಎಂಬ ಬೇರೆ ಟ್ಯಾಬ್ ಮಾಡಿದಾಗ ಜಾಹೀರಾತುದಾರರು ಎದೆ ಬಡಿದುಕೊಂಡರು; ನನಗೆ ಅದು ಒಳ್ಳೆಯದೇ ಆಯಿತೆನ್ನಿಸುತ್ತದೆ, ಏಕೆಂದರೆ ಅಲ್ಲಿಗೆ ಹೋಗುವವನು ಕೊಳ್ಳುವ ಮನಸ್ಸಿನಿಂದಲೇ ಹೋಗುತ್ತಾನೆ. ನಿಜವಾದ ಬದಲಾವಣೆ ಬಂದದ್ದು 2024ರ ಫೆಬ್ರವರಿಯಲ್ಲಿ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಮೂರು ಬಗೆಯ ಗುರುತಿನ ಏರ್ಪಾಡು ಮಾಡಿಕೊಂಡಿರಲೇಬೇಕೆಂದು ಗೂಗಲ್ ಕಡ್ಡಾಯ ಮಾಡಿತು. ಯಾಹೂ ಕೂಡ ಅದೇ ಸಮಯಕ್ಕೆ ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ಇವೇ ನಿಯಮಗಳನ್ನು ಹಾಕಿತು. ಎಸ್‌.ಪಿ.ಎಫ್. ಎಂದರೆ ನಮ್ಮ ಹೆಸರಿನಲ್ಲಿ ಕಳುಹಿಸಲು ಯಾವ ಸರ್ವರುಗಳಿಗೆ ಅಧಿಕಾರ ಇದೆ ಎಂಬ ಬಹಿರಂಗ ಪಟ್ಟಿ, ಡಿ.ಕೆ.ಐ.ಎಂ. ಎಂದರೆ ಪತ್ರದ ಮೇಲಿನ ಡಿಜಿಟಲ್ ರುಜು, ಡಿ.ಮಾರ್ಕ್ ಎಂದರೆ ಇವೆರಡೂ ಹೊಂದದಿದ್ದಾಗ ಪತ್ರವನ್ನು ಏನು ಮಾಡಬೇಕೆಂಬ ಸೂಚನೆ. 1982ರಲ್ಲಿ ಬಿಟ್ಟುಹೋದ ಗುರುತಿನ ಪರೀಕ್ಷೆ ಹೀಗೆ ನಾಲ್ಕು ದಶಕದ ಮೇಲೆ ಕಡ್ಡಾಯವಾಯಿತು. ಜೊತೆಗೆ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಗುಂಡಿ ಇರಬೇಕು, ಎರಡು ದಿನದೊಳಗೆ ಬಿಡಬೇಕು, ಮತ್ತು ಸ್ಪ್ಯಾಮ್ ಎಂದು ದೂರುವವರ ಪ್ರಮಾಣ 0.3 ಶೇಕಡಾ ಮುಟ್ಟಬಾರದು. ಲಕ್ಷಕ್ಕೆ 300 ದೂರು. ಕೊಂಡ ಪಟ್ಟಿಯಲ್ಲಿ ಅಷ್ಟು ದೂರು ಬರಲು ಒಂದು ಬೆಳಗ್ಗೆ ಸಾಕು, ಮತ್ತು ಆಮೇಲೆ ತಮ್ಮ ಅಂಗಡಿಯ ಹೆಸರಿನಿಂದ ಹೋಗುವ ಬಿಲ್ಲು, ರಸೀದಿಗಳೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತವೆ.

ಹಳೆಯ ವಿಳಾಸಗಳಲ್ಲಿ ಇನ್ನೊಂದು ಅಪಾಯವಿದೆ. ಬಹಳ ಕಾಲ ಬಳಸದೆ ಬಿಟ್ಟ ವಿಳಾಸಗಳಲ್ಲಿ ಕೆಲವನ್ನು ಸ್ಪ್ಯಾಮ್ ಹಿಡಿಯುವ ಬಲೆಗಳಾಗಿ ಮಾರ್ಪಡಿಸಿರುತ್ತಾರೆ. ಯಾಹೂ 2013ರಲ್ಲಿ, ಒಂದು ವರ್ಷ ಬಳಸದ ಹೆಸರುಗಳನ್ನು ಬೇರೆಯವರಿಗೆ ಕೊಡಲೂ ಆರಂಭಿಸಿತು. ಆದ್ದರಿಂದ 2005ರಲ್ಲಿ ಪುಸ್ತಕದಲ್ಲಿ ಬರೆದವರ ವಿಳಾಸ ಇಂದು ಇನ್ನಾರದೋ ಆಗಿರಬಹುದು.

ಬೀಟೆಕೆತ್ತನೆ_ಮಂಡಿಮೊಹಲ್ಲಾ

ಏಜೆನ್ಸಿಯವರಿಗೆ ಬೇಡವೆಂದು ಹೇಳಿದ್ದೇನೆ. ವಕೀಲರು ತಿಳಿಸಿದ ಎರಡು ವರ್ಷದ ಅಳತೆಯಂತೆ, ಈಚೆಗೆ ಕೊಂಡವರ ಹೆಸರುಗಳನ್ನು ಮಾತ್ರ ತೆಗೆದು, ಮೇಡಂ ಮಾಡಿದ ಹಾಗೆ ಮೊದಲು ಒಪ್ಪಿಗೆ ಕೇಳುವ ಪತ್ರ ಬರೆಯುತ್ತೇವೆ. ಪುಸ್ತಕದಲ್ಲಿ ಇನ್ನು ಮುಂದೆ ಹೊಸ ಕೆಲಸಗಳ ಮಾಹಿತಿ ಕಳುಹಿಸಬಹುದೇ ಎಂಬ ಒಂದು ಕಾಲಂ ಸೇರಿಸಲು ಮಗ ಒಪ್ಪಿದ್ದಾನೆ. ಕೊನೆಯ ಪ್ರಶ್ನೆ: ಬೆಲೆಪಟ್ಟಿಯನ್ನು ಪಿ.ಡಿ.ಎಫ್. ಮಾಡಿ ಪತ್ರಕ್ಕೆ ಲಗತ್ತಿಸಬಹುದೇ? ಕಳುಹಿಸುವ ವಿಳಾಸ ಯಾವುದಿರಬೇಕು?

ಯೋಗಶಾಲೆ_ಕಚೇರಿ_ಗೋಕುಲಂ

ಮೊದಲ ಪತ್ರಕ್ಕೆ ಏನನ್ನೂ ಲಗತ್ತಿಸಬೇಡಿ. ಗುರುತಿಲ್ಲದ ಲಗತ್ತನ್ನು ಈಗ ಯಾರೂ ತೆರೆಯುವುದಿಲ್ಲ. ಒಂದೆರಡು ಚಿತ್ರಗಳನ್ನು ಚಿಕ್ಕದಾಗಿ ಪತ್ರದಲ್ಲಿಯೇ ಇಟ್ಟು, ಬೆಲೆಗೆ ತಮ್ಮ ವೆಬ್‌ಸೈಟಿನ ಕೊಂಡಿ ಕೊಟ್ಟರೆ ಸಾಕು. ಉತ್ತರಿಸಬೇಡಿ ಎಂಬ ಬಗೆಯ ನೋ-ರಿಪ್ಲೈ ವಿಳಾಸದಿಂದ ಮಾತ್ರ ಕಳುಹಿಸಬೇಡಿ. ಅಂಗಡಿಯದೇ ಡೊಮೈನ್ (ವಿಳಾಸದಲ್ಲಿ @ ಚಿಹ್ನೆಯ ಮುಂದೆ ಬರುವ ಹೆಸರು) ಕೊಂಡು, ಅದರಲ್ಲಿ ತಾವು ಅಥವಾ ಮಗ ದಿನವೂ ನೋಡುವ ಒಂದು ವಿಳಾಸ ಮಾಡಿಕೊಳ್ಳಿ. ನಮ್ಮಲ್ಲಿ ಪ್ರವೇಶ ಪಡೆಯುವವರಲ್ಲಿ ಬಹಳಷ್ಟು ಮಂದಿ ಕೊಂಡಿಯನ್ನು ಒತ್ತುವುದೇ ಇಲ್ಲ. ಪತ್ರಕ್ಕೇ ಉತ್ತರ ಬರೆದು, ಕಳೆದ ಬಾರಿಯ ಕೋಣೆಯೇ ಸಿಗಬಹುದೇ ಎಂದು ಕೇಳುತ್ತಾರೆ.

ಸರ್ವರ್_ಹೆಬ್ಬಾಳ

ಡೊಮೈನ್ ಕೊಂಡ ದಿನವೇ ಎಲ್ಲರಿಗೂ ಕಳುಹಿಸಬೇಡಿ. ಹೊಸ ಹೆಸರನ್ನು ಸರ್ವರುಗಳು ಅನುಮಾನದಿಂದಲೇ ನೋಡುತ್ತವೆ. ಮೊದಲ ವಾರ ತಮ್ಮನ್ನು ಚೆನ್ನಾಗಿ ಬಲ್ಲ ಹತ್ತಿಪ್ಪತ್ತು ಗಿರಾಕಿಗಳಿಗೆ ಬರೆದು, ನಿಧಾನವಾಗಿ ಸಂಖ್ಯೆ ಹೆಚ್ಚಿಸಿಕೊಂಡು ಹೋಗಿ. ದಸರೆಗೆ ಬೇಕಿದ್ದರೆ ಈ ಕೆಲಸ ಆಷಾಢದಲ್ಲಿಯೇ ಆರಂಭವಾಗಬೇಕು.